ಮೂರು ಬಿಟ್ಟು ಆರು, ಒಂದು ಬಿಟ್ಟು ಒಂಬತ್ತು

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಗಮನ ಅಳೆಯುತ್ತಿದ್ದದ್ದು ಸಂಡಿಗೆಯಿಂದ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಅಮ್ಮನ ಹಳೆಯ ಸೀರೆ ಹಾಸಿ, ಅದರ ಮೇಲೆ ಅರಳು ಸಂಡಿಗೆ ಇಟ್ಟು, ನನ್ನ ಕೈಗೊಂದು ಕೋಲು ಕೊಟ್ಟು ಕಾಗೆ ಕಾಯಲು ಕೂರಿಸುತ್ತಿದ್ದರು. ಅಮ್ಮ ತನ್ನ ಕಾಲದಲ್ಲಿ ಒಂದು ಸಂಡಿಗೆಯನ್ನೂ ಕಾಗೆಗೆ ಬಿಟ್ಟವಳಲ್ಲವಂತೆ. ನಾನು ಕೂತರೆ ಕಾಗೆಗಳಿಗೆ ಹಬ್ಬ. ಒಂದು ಸಲವಂತೂ ಕಾಗೆಯಲ್ಲ, ಪಕ್ಕದ ಬೀದಿಯ ಹಸುವೇ ಬಂದು ಅರ್ಧ ಸೀರೆ ಸಂಡಿಗೆ ತಿಂದು, ಉಳಿದರ್ಧದ ಮೇಲೆ ಸಗಣಿ ಹಾಕಿ ಹೋಗಿತ್ತು. ಕೋಲು ನನ್ನ ಕೈಯಲ್ಲೇ ಇತ್ತು. ಕಣ್ಣೂ ತೆರೆದೇ ಇತ್ತು. ಹಸು ಬಂದದ್ದು ಮಾತ್ರ ನನಗೆ ಗೊತ್ತಾಗಲಿಲ್ಲ.

ಈ ಹುಡುಗಿಗೆ ಗಮನವೇ ಇಲ್ಲ ಎನ್ನುತ್ತಿದ್ದರು. ಅದು ಸುಳ್ಳು. ಗಮನ ಇತ್ತು, ಅವರು ಇಡು ಎಂದ ಕಡೆ ಇರುತ್ತಿರಲಿಲ್ಲ ಅಷ್ಟೆ. ಹಸು ಸಂಡಿಗೆ ತಿನ್ನುತ್ತಿದ್ದ ಹೊತ್ತಿನಲ್ಲಿ ಗೋಡೆಯಾಚೆ ತಮಿಳಿನ ಅಕ್ಕ ಮಗನನ್ನು ಯಾವ ಮಾತಿನಲ್ಲಿ ಬೈದಳು, ಅವಳ ಕುಕ್ಕರು ಎಷ್ಟು ಹೊತ್ತು ಉಸ್ಸೆಂದು ಆಮೇಲೆ ಕೂಗಿತು, ಚಿಮಣಿಯ ಹೊಗೆ ಹೊಳೆಯ ಕಡೆ ವಾಲಿತೋ ಪೇಟೆಯ ಕಡೆಗೋ, ಇದೆಲ್ಲ ನಾನು ಹೇಳಬಲ್ಲವಳಾಗಿದ್ದೆ. ಯಾರೂ ಅದನ್ನು ಕೇಳುತ್ತಿರಲಿಲ್ಲ. ಪಾಳಿಯ ಸೈರನ್ ಕೂಗಿದರೆ ಊರಿನವರೆಲ್ಲ ಗಡಿಯಾರ ಸರಿಮಾಡಿಕೊಂಡು ತಮ್ಮ ಕೆಲಸಕ್ಕೆ ಮರಳುತ್ತಿದ್ದರು. ನಾನು ಮರಳುತ್ತಿರಲಿಲ್ಲ. ಅಂಗಡಿಗೆ ಕಳಿಸಿದರೆ ಹೋದ ಪುಟ್ಟ ಬಂದ ಪುಟ್ಟ. ಹಾಲಿನ ಮುಂದೆ ನಿಲ್ಲಿಸಿದರೆ ಹಾಲು ಒಲೆಗೆ.

ಬೈಗುಳ ನನಗೆ ಅಭ್ಯಾಸವಾಗಿತ್ತು. ಆಗದೇ ಉಳಿದದ್ದು ಒಂದೇ ಮಾತು: "ಬೇಕು ಅಂತಲೇ ಮಾಡ್ತಾಳೆ." ನಾನು ಬೇಕೆಂದು ಮಾಡುತ್ತಿಲ್ಲ ಎಂದು ದೊಡ್ಡವರಲ್ಲಿ ಒಬ್ಬರು, ಒಂದೇ ಒಂದು ಸಲ ಹೇಳಿದ್ದರೆ ಸಾಕಿತ್ತು. ಹನ್ನೊಂದರ ವಯಸ್ಸಿನಲ್ಲಿ ದೇವರ ಮುಂದೆ ನಿಂತಾಗಲೂ ನಾನು ಬೇಡುತ್ತಿದ್ದದ್ದು ಅದನ್ನೇ, ರ‍್ಯಾಂಕನ್ನಲ್ಲ.

ಆರನೇ ಕ್ಲಾಸಿನ ಟೀಚರು ಅದನ್ನು ಹೆಚ್ಚುಕಡಿಮೆ ಹೇಳಿದರು. ಅಮ್ಮನನ್ನು ಕರೆಸಿ, "ಇವಳು ದಡ್ಡಿ ಅಲ್ಲಮ್ಮ, ಕೂತಲ್ಲಿ ಮನಸ್ಸು ಕೂರಲ್ಲ. ಶಿವಮೊಗ್ಗದಲ್ಲಿ ಒಬ್ಬರು ಮಕ್ಕಳ ಡಾಕ್ಟರ್ ಇದಾರೆ. ಅವರ ಹತ್ರ ಇಂಥದ್ದಕ್ಕೆಲ್ಲ ಟೆಸ್ಟ್ ಮಾಡ್ತಾರಂತೆ, ತೋರಿಸಿ" ಎಂದರು. ಅಮ್ಮ ಮನೆಗೆ ಬಂದು ಅತ್ತಳು. ಕ್ವಾರ್ಟರ್ಸಿನವರಿಗೆ ಮಾತ್ರ ನನ್ನ ಕಣ್ಣನ್ನು ಡಾಕ್ಟರಿಗೆ ತೋರಿಸಬೇಕಾಗಿದೆ ಎಂದಳು. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದವರು ನನ್ನ ತಲೆ ಸವರಿ, "ಪಾಪ, ಏನೋ ತೊಂದರೆ ಇರ್ಬೇಕು ಕಣೇ ಅವಳಿಗೆ. ಬೈಬೇಡ, ಟೆಸ್ಟ್ ಆಗ್ಲಿ" ಎಂದರು. ಅಪ್ಪನ ಆ ಮಾತು ಕೇಳಿ ನಾನು ಆ ದಿನವೆಲ್ಲ ಕುಣಿದಾಡಿದ್ದೆ. ತೊಂದರೆ ಇದೆ ಎಂದರೆ ಮಕ್ಕಳು ಕುಣಿಯುತ್ತಾರೆಯೇ? ನಾನು ಕುಣಿದೆ.

ಡಾಕ್ಟರರ ಕ್ಲಿನಿಕ್ ಇದ್ದದ್ದು ವಿದ್ಯಾನಗರದಲ್ಲಿ. ಮೊದಲ ದಿನ ಅವರು ಮಾತಾಡಿಸಿ ಕಳಿಸಿದರು. ಟೆಸ್ಟ್ ಮಾಡುವ ಮೇಡಂ ತಿಂಗಳಿಗೊಮ್ಮೆ ಬರುತ್ತಾರೆ, ಆಗ ಬನ್ನಿ ಎಂದರು. ಹೆದರುವಂಥದ್ದೇನಿಲ್ಲ ಎಂದು ತೋರಿಸಲು ಒಂದು ಹಾಳೆ ಎತ್ತಿ ಹಿಡಿದರು. ಹಾಳೆಯ ತುಂಬ ಸಾಲುಸಾಲಾಗಿ ಅಂಕಿಗಳು. ಅದರಲ್ಲಿ ಆರು ಮತ್ತು ಒಂಬತ್ತು ಕಂಡಲ್ಲೆಲ್ಲ ಗೀಟು ಹಾಕುತ್ತಾ ಹೋಗಬೇಕು, ಎಷ್ಟು ಹೊತ್ತು ಹಿಡಿಯಿತು, ಎಷ್ಟು ಬಿಟ್ಟುಹೋಯಿತು, ಎಲ್ಲಿಂದ ಬಿಡಲು ಶುರುವಾಯಿತು ಎಂದು ನೋಡುತ್ತಾರೆ. "ಮನಸ್ಸು ಎಷ್ಟು ಹೊತ್ತು ಒಂದೇ ಕಡೆ ನಿಲ್ಲುತ್ತೆ ಅಂತ ಗೊತ್ತಾಗುತ್ತೆ. ಇದರಲ್ಲಿ ಪಾಸು ಫೇಲು ಇಲ್ಲಮ್ಮ" ಎಂದು ಡಾಕ್ಟರು ಬಿಡಿಸಿ ಹೇಳಿದರು.

ಪಾಸು ಫೇಲು ಇಲ್ಲದ ಟೆಸ್ಟನ್ನು ನಮ್ಮ ವಂಶದಲ್ಲಿ ಯಾರೂ ಕಂಡಿರಲಿಲ್ಲ. ನಮ್ಮದು ಮೇಷ್ಟರುಗಳ, ಪುರೋಹಿತರ ಮನೆತನ. ಅಜ್ಜ, ಅಂದರೆ ಅಪ್ಪನ ಅಪ್ಪ, ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತರಾಗಿ ನಮ್ಮ ಜೊತೆಗಿದ್ದರು. ಪರೀಕ್ಷೆ ಎಂದರೆ ಹಳೆಯ ಪ್ರಶ್ನೆಪತ್ರಿಕೆ ತಂದು ಉರುಹೊಡೆಸುವುದು ನಮ್ಮಲ್ಲಿ ಬೆಳಗಾದರೆ ಹಲ್ಲುಜ್ಜಿದಷ್ಟು ಸಹಜ. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಎಂ.ಎ. ಓದುತ್ತಿದ್ದ ನನ್ನ ಸೋದರಮಾವನಿಗೆ ಅಮ್ಮ ಹೇಳಿಕಳಿಸಿದಳು. ಅವನು ಹಾಸ್ಟೆಲಿನಲ್ಲಿ ಯಾರನ್ನೋ ಹಿಡಿದು, ಆ ಯಾರೋ ಇನ್ಯಾರನ್ನೋ ಹಿಡಿದು, ಒಂದು ಭಾನುವಾರ ಬಸ್ಸಿಳಿದು ಬಂದು ಜೇಬಿನಿಂದ ಮಡಿಸಿದ ಜೆರಾಕ್ಸ್ ತೆಗೆದ. "ಇದೇನಾ ನೋಡಕ್ಕ." ಅಮ್ಮ ಮೊದಲ ಸಾಲು ನೋಡಿ ಇದೇ ಎಂದಳು. ಈ ಸೀಮೆಯಲ್ಲೆಲ್ಲ ಆ ಟೆಸ್ಟಿಗೆ ಓಡಾಡುತ್ತಿದ್ದದ್ದು ಅದೊಂದೇ ಹಾಳೆಯಿರಬೇಕು, ಜೆರಾಕ್ಸಿನ ಜೆರಾಕ್ಸ್.

ಹೇಳಿಕೊಡುವ ಹೊಣೆ ಅಜ್ಜನದಾಯಿತು. ಒಂದೆರಡು ದಿನ ನನ್ನ ಕೈಗೆ ಪೆನ್ಸಿಲ್ ಕೊಟ್ಟು ನೋಡಿದರು. ಮೂರನೇ ಸಾಲು ದಾಟುವುದರೊಳಗೆ ನಾನು ಕಿಟಕಿಯಾಚೆ ಇರುತ್ತಿದ್ದೆ. ಅಜ್ಜ ಬೈಯಲಿಲ್ಲ. ಮೂಗಿನ ಮೇಲೆ ಕನ್ನಡಕ ಏರಿಸಿ, ಹಾಳೆಯನ್ನೇ ಬಹಳ ಹೊತ್ತು ನೋಡಿ, "ಇದನ್ನ ಓದ್ಬಾರ್ದು ಮಗಾ, ಸಂಥೆ ಮಾಡ್ಬೇಕು" ಎಂದರು. ಸಂಥೆ ಎಂದರೆ ಅವರು ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ವೇದ ಕಲಿತ ಕ್ರಮ. ಗುರು ಒಂದು ಸಲ ಹೇಳುತ್ತಾನೆ, ಎದುರು ಕೂತ ಶಿಷ್ಯ ಅದೇ ಸ್ವರದಲ್ಲಿ ಎರಡು ಸಲ ಹೇಳುತ್ತಾನೆ. ಪುಸ್ತಕವಿಲ್ಲ. ಅರ್ಥದ ಗೊಡವೆಯೂ ಇಲ್ಲ. ನಾಲಿಗೆಗೆ ಬಂದರೆ ಆಯಿತು. "ಹೆಣ್ಣುಮಕ್ಕಳಿಗೆ ವೇದ ಹೇಳಿಕೊಡೋ ಹಾಗಿಲ್ಲ. ಅಂಕಿಗೇನು ದೋಷ!" ಎಂದು ನಕ್ಕರು.

ಅಜ್ಜ ಹಾಳೆಯ ಅಂಕಿಗಳನ್ನು ಬಿಟ್ಟೇಬಿಟ್ಟರು. ಎಷ್ಟು ಅಂಕಿ ಹಾರಿದರೆ ಆರು, ಆಮೇಲೆ ಎಷ್ಟು ಹಾರಿದರೆ ಒಂಬತ್ತು ಎಂದು ಎಣಿಸಿ ಅದಕ್ಕೊಂದು ಧಾಟಿ ಕಟ್ಟಿದರು. "ಮೂರು ಬಿಟ್ಟು ಆರು, ಒಂದು ಬಿಟ್ಟು ಒಂಬತ್ತು" ಎಂದು ಅವರು ಸ್ವರ ಏರಿಸಿ ಇಳಿಸಿ ಒಮ್ಮೆ ಹೇಳುವರು. ನಾನು ಎರಡು ಸಲ ಹೇಳುವೆನು. ಅಪ್ಪ ಪಾಳಿಗೆ ಹೋಗಿದ್ದ ಹೊತ್ತಿನಲ್ಲಿ, ಸಂಜೆ ದೀಪ ಹಚ್ಚಿದ ಮೇಲೆ ದೇವರ ಗೂಡಿನ ಎದುರು ಎದುರುಬದುರು ಕೂತು, ತೊಡೆಯ ಮೇಲೆ ತಾಳ ಹಾಕುತ್ತಾ ಸಾಲಿನ ಮೇಲೆ ಸಾಲು. ಧಾಟಿ ನನ್ನನ್ನು ಬಿಟ್ಟುಕೊಡುತ್ತಿರಲಿಲ್ಲ. ಮನಸ್ಸು ಎಲ್ಲಿಗೆ ಹೋದರೂ ನಾಲಿಗೆ ಮುಂದಿನ ಸಾಲಿಗೆ ಹೋಗುತ್ತಿತ್ತು. ತಿಂಗಳು ಮುಗಿಯುವಷ್ಟರಲ್ಲಿ ಇಡೀ ಹಾಳೆ ನನ್ನ ಬಾಯಲ್ಲಿತ್ತು, ಬಾಯಿ ನಡೆದಂತೆ ಕೈಯೂ ಗೀಟು ಹಾಕುತ್ತಿತ್ತು. ಅಜ್ಜ ಅಮ್ಮನನ್ನು ಕರೆದು, "ಇವಳಿಗೆ ಗಮನ ಇಲ್ಲ ಅಂದೋರ್ಯಾರೇ?" ಎಂದು ಜಂಬದಿಂದ ಕೇಳಿದರು. ಮನೆಯಲ್ಲಿ ಯಾರಾದರೂ ನನ್ನನ್ನು ಹೊಗಳಿದ್ದು ಅದೇ ಮೊದಲು. ಆ ತಿಂಗಳಷ್ಟು ಸುಖವಾದ ತಿಂಗಳು ನನ್ನ ಬಾಲ್ಯದಲ್ಲಿ ಇನ್ನೊಂದಿಲ್ಲ. ಆಮೇಲಿನದ್ದನ್ನೆಲ್ಲ ಕಂಡೂ ನಾನಿದನ್ನು ಹೇಳುತ್ತಿದ್ದೇನೆ.

ಟೆಸ್ಟಿನ ದಿನ ಹೊಸಿಲು ದಾಟುವಾಗ ಅಮ್ಮ, "ಹಾಳೆ ಮುಂಚೆ ನೋಡಿದೀನಿ ಅಂತ ಬಾಯಿ ಬಿಟ್ಟೆ ಅಂದ್ರೆ ನೋಡು" ಎಂದಳು.

ಮೇಡಂ ಚಿಕ್ಕ ವಯಸ್ಸಿನವರು. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂರಿಸಿ, ನೀರು ಕುಡಿಸಿ, "ಬೇಗ ಮುಗಿಸ್ಬೇಕು ಅಂತೇನಿಲ್ಲ ಪುಟ್ಟಾ, ಕೊನೇ ತನಕ ಹಾಕ್ಬೇಕು ಅಷ್ಟೆ" ಎಂದು ಸ್ಟಾಪ್‌ವಾಚ್ ಒತ್ತಿದರು. ನಾನು ಮನಸ್ಸಿನಲ್ಲೇ ಶುರುಮಾಡಿದೆ. ಹೊರಗೆ ಬಟಾಣಿಯವನ ಗಾಡಿ ಗಂಟೆ ಬಾರಿಸಿತು. ನಾನು ತಿರುಗಿ ನೋಡಿದೆ. ಗಾಡಿಯ ಮೇಲಿನ ಬುಟ್ಟಿ, ಅವನ ಕೆಂಪು ಟವಲ್ಲು, ಎಲ್ಲವನ್ನೂ ನೋಡುತ್ತಿದ್ದೆ, ಕೈ ಮಾತ್ರ ಗೀಟು ಹಾಕುತ್ತಲೇ ಇತ್ತು. ಮತ್ತೆ ಹಾಳೆಗೆ ಬಂದಾಗ ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದರು. ಹಾಳೆ ಮುಗಿದ ಮೇಲೆ ಪೆನ್ಸಿಲ್ ತೆಗೆದಿಟ್ಟು ಮೆಲ್ಲಗೆ ಕೇಳಿದರು. "ತುಟಿ ಅಲ್ಲಾಡ್ತಿತ್ತಲ್ಲ, ಏನು ಹೇಳ್ಕೊಳ್ತಿದ್ದೆ?"

ಬಾಗಿಲಲ್ಲಿ ಅಮ್ಮ ನಿಂತಿದ್ದಳು. "ಸುಮ್ನೆ ಮೇಡಂ" ಎಂದೆ.

"ಈ ಹಾಳೆ ಮೊದಲು ಎಲ್ಲಾದ್ರೂ ನೋಡಿದೀಯಾ?"

"ಅವಳೆಲ್ಲಿ ನೋಡ್ತಾಳೆ ಮೇಡಂ" ಎಂದಳು ಅಮ್ಮ.

ಮೇಡಂ ಹೆಚ್ಚು ಕೆದಕಲಿಲ್ಲ. ಇನ್ನೊಂದು ಟೆಸ್ಟ್ ಇದೆ ಎಂದು ಟೇಪ್ ರೆಕಾರ್ಡರ್ ಎಳೆದುಕೊಂಡರು. ಅದರಲ್ಲಿ ಒಂದು ದನಿ ಅಂಕಿಗಳನ್ನು ಹೇಳುತ್ತಾ ಹೋಗುತ್ತದೆ, ಆರು ಎಂದಾಗ ಮಾತ್ರ ಮೇಜು ತಟ್ಟಬೇಕು. ಅದನ್ನು ಅಜ್ಜ ನನಗೆ ಹೇಳಿಕೊಟ್ಟಿರಲಿಲ್ಲ. ನನಗೆ ಹೆದರಿಕೆಯಾಯಿತು. ಆದರೆ ಅದರ ಜೊತೆಗೇ ಒಂದು ಆಸೆಯೂ ಹುಟ್ಟಿತು: ಇದು ನನಗೆ ಬರುವುದಿಲ್ಲ, ಬರುವುದಿಲ್ಲ ಎಂದು ಇವರಿಗೆ ಗೊತ್ತಾಗಲಿ. ಮೇಡಂ ಗುಂಡಿ ಒತ್ತಿದರು. ಟೇಪು ತಿರುಗಲಿಲ್ಲ, ಕರೆಂಟು ಹೋಗಿತ್ತು. ಬಹಳ ಹೊತ್ತು ಕಾದೆವು, ಬರಲಿಲ್ಲ.

ಡಾಕ್ಟರು ಹಾಳೆ ನೋಡಿ ಹುಬ್ಬೇರಿಸಿದರು. "ವಯಸ್ಸಿಗಿಂತ ಚೆನ್ನಾಗೇ ಮಾಡಿದಾಳೆ. ಇದರಲ್ಲಿ ಏನೂ ತೊಂದರೆ ಕಾಣ್ತಿಲ್ಲ. ಆದ್ರೆ ಇದೊಂದನ್ನೇ ನೋಡಿ ಹೇಳೋಕಾಗಲ್ಲಮ್ಮ, ಮುಂದಿನ ತಿಂಗಳು ಬನ್ನಿ, ಟೇಪಿಂದೂ ಆಗಿಬಿಡ್ಲಿ." ಅಮ್ಮನ ಕಿವಿ 'ಚೆನ್ನಾಗೇ' ಎಂಬಲ್ಲಿಗೆ ಮುಚ್ಚಿಹೋಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಮೈಸೂರುಪಾಕು ಕಟ್ಟಿಸಿಕೊಂಡಳು. ಬಸ್ಸಿನ ಉದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಇದ್ದಳು.

ಮನೆಯಲ್ಲಿ ಅಜ್ಜ ಮೈಸೂರುಪಾಕನ್ನು ದೇವರ ಮುಂದಿಟ್ಟರು. ಅಪ್ಪ ಒಂದು ತುಂಡು ಬಾಯಿಗೆ ಹಾಕಿಕೊಂಡು ಎಲ್ಲ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಅಂದ್ರೆ ಏನೂ ತೊಂದರೆ ಇಲ್ಲ. ಹಾಗಾದ್ರೆ ಇಷ್ಟು ದಿನ ಮಾಡಿದ್ದೆಲ್ಲ ಬೇಕು ಅಂತಲೇನಾ?" ಎಂದರು. ದನಿ ಏರಿಸಿರಲಿಲ್ಲ. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಅಜ್ಜನ ಮುಖ ನೋಡಿದಳು. ಹಾಳೆಯ ವಿಷಯ ಅಪ್ಪನಿಗೆ ಯಾರೂ ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ.

ಅಜ್ಜ ಸುಳ್ಳುಗಾರರಲ್ಲ. ಅವರು ನಿಜವಾಗಿಯೂ ನಾನು ಗುಣವಾದೆ ಎಂದೇ ನಂಬಿದ್ದರು. ಅವರ ಲೆಕ್ಕದಲ್ಲಿ ಬಾಯಿಗೆ ಬಂದದ್ದು ಬುದ್ಧಿಗೆ ಬಂದ ಹಾಗೆ. ನಾಲಿಗೆ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಇರಬಹುದು ಎನ್ನುವುದು ದಿನಾ ಮೂರು ಹೊತ್ತು ಮಂತ್ರ ಹೇಳುವವರಿಗೆ ಹೊಳೆಯದೇ ಹೋದದ್ದು ನನಗೆ ಇವತ್ತಿಗೂ ಆಶ್ಚರ್ಯ. ಮುಂದಿನ ತಿಂಗಳು ಬಂತು, ಹೋಯಿತು. "ಪಾಸಾಯ್ತಲ್ಲ, ಮತ್ಯಾಕೆ ಬಸ್ ಚಾರ್ಜ್ ದಂಡ?" ಎಂದಳು ಅಮ್ಮ.

ಶಾಲೆಗೂ ಹೋಗಿ ಹೇಳಿಬಂದಳು, ಅದೂ ಹೆಮ್ಮೆಯಿಂದ. ನನ್ನನ್ನು ಡಾಕ್ಟರ ಹತ್ತಿರ ಕಳಿಸಿದ ಟೀಚರು ನಂಬದವರ ಹಾಗೆ ನೋಡಿ ಸುಮ್ಮನಾದರು. ಹೆಡ್ ಮಿಸ್ಸು ಸುಮ್ಮನಾಗಲಿಲ್ಲ. "ಡಾಕ್ಟರೇ ಏನಿಲ್ಲ ಅಂದ್ಮೇಲೆ ಇದು ಕೊಬ್ಬು. ಕೊಬ್ಬಿಗೆ ನಮ್ಮ ಹತ್ರ ಔಷಧಿ ಇದೆ" ಎಂದರು. ಆ ಔಷಧಿಯನ್ನು ನಾನು ಏಳನೇ ಕ್ಲಾಸಿನ ತನಕ ಕೈ ಮೇಲೆ, ಮೀನಖಂಡದ ಮೇಲೆ ತೆಗೆದುಕೊಂಡೆ. ಮನೆಯಲ್ಲಿ ಅಪ್ಪ ಶುರುಮಾಡಿದರು. ತೊಂದರೆ ಇದೆ ಎಂದು ನಂಬಿದ್ದಾಗ ತಲೆ ಸವರಿದ್ದ ಕೈ ಅದು. ಹಾಲು ಉಕ್ಕಿದರೆ ಒಂದು, ಛತ್ರಿ ಕಳೆದರೆ ಒಂದು. ಹೊಡೆಯುವಾಗಲೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಮಾತು. "ಮನಸ್ಸು ಮಾಡಿದ್ರೆ ಆಗುತ್ತೆ ಅಂತ ತೋರಿಸಿದೀಯಲ್ಲ!"

ಅಜ್ಜ ಹಿಂದೊಮ್ಮೆ ಪಾಠಶಾಲೆಯ ಕಥೆ ಹೇಳುವಾಗ, ಓದುತ್ತಾ ತೂಕಡಿಸಬಾರದೆಂದು ಹುಡುಗರು ಜುಟ್ಟನ್ನು ಗೋಡೆಯ ಮೊಳೆಗೆ ಕಟ್ಟಿಕೊಳ್ಳುತ್ತಿದ್ದರು ಎಂದಿದ್ದರು. ಏಳನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂದಾಗ ಅಮ್ಮನಿಗೆ ಅದು ನೆನಪಾಯಿತು. ನನ್ನ ಜಡೆಯ ತುದಿಯನ್ನು ರಿಬ್ಬನ್ನಿನ ಸಮೇತ ಕಿಟಕಿಯ ಸರಳಿಗೆ ಬಿಗಿದು ಪುಸ್ತಕ ಕೊಟ್ಟಳು. ಎರಡು ಗಂಟೆಯ ಸೈರನ್ ಕೂಗಿತು. ಕೂಗಿದ ಕಡೆ ನಾನು ತಿರುಗಿದೆ, ತಲೆಯಷ್ಟೇ ತಿರುಗಿತು, ಜಡೆ ಸರಳಿನಲ್ಲೇ ಉಳಿಯಿತು. ಕಿವಿಯ ಹಿಂದೆ ರಕ್ತ ಬಂದದ್ದು ಕಂಡು ಅಜ್ಜ ಓಡಿ ಬಂದು ಜಡೆ ಬಿಚ್ಚಿದರು. ಕೊಬ್ಬರಿ ಎಣ್ಣೆ ಹಚ್ಚುತ್ತಾ, "ಅದು ನಿದ್ದೆಗೆ ಹೇಳಿದ್ದು ಕಣಮ್ಮ, ನಿದ್ದೆಗೆ" ಎಂದು ಅಮ್ಮನಿಗೆ ಮತ್ತೆ ಮತ್ತೆ ಹೇಳಿದರು. ಅಮ್ಮ ಬಾಗಿಲಿಗೆ ಒರಗಿ ನಿಂತು, "ನಾನಿನ್ನೇನು ಮಾಡ್ಲಿ ಮಾವ? ಇನ್ನೇನು ಮಾಡ್ಲಿ ಹೇಳಿ" ಎಂದಳು. ನನಗೆ ಅವಳ ಮೇಲೆ ಕೋಪ ಬರಲಿಲ್ಲ, ಆ ಕೋಪ ಬರಲು ಇನ್ನೂ ವರ್ಷಗಳು ಬೇಕಾಗಿದ್ದವು. ಆಗ ನಾನು ಕೂಡ ಅಪ್ಪನ ಮಾತನ್ನೇ ನಂಬಿಬಿಟ್ಟಿದ್ದೆ. ಮನಸ್ಸು ಮಾಡಿದರೆ ಆಗುತ್ತದೆ, ನಾನು ಮಾಡುತ್ತಿಲ್ಲ, ನಾನೇ ಕೆಟ್ಟವಳು.

ಕೆಟ್ಟವಳ ಕಥೆಯನ್ನು ಉದ್ದ ಮಾಡುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದೆ, ಮತ್ತೆ ಕಟ್ಟಿ ಮತ್ತೆ ಹೊಡೆದೆ. ಕಾರ್ಖಾನೆಯಲ್ಲಿ ಪಾಳಿಗಳು ಕಮ್ಮಿಯಾದವು, ಅಪ್ಪ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡರು, ನಾವು ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದ ರವೀಂದ್ರನಗರದಲ್ಲಿ ಬಾಡಿಗೆ ಮನೆ ಹಿಡಿದೆವು. ನಾನು ಎಸ್‌ಟಿಡಿ ಬೂತಿನಲ್ಲಿ ಕೂತೆ, ಸೀರೆ ಅಂಗಡಿಯಲ್ಲಿ ನಿಂತೆ, ನರ್ಸರಿ ಶಾಲೆಯಲ್ಲಿ ಆಯಾ ಆದೆ. ನರ್ಸರಿಯಲ್ಲಿ ಒಂದು ಮಗು ನನ್ನ ಕಣ್ಣೆದುರೇ ಗೇಟು ದಾಟಿ ರಸ್ತೆಗೆ ಹೋಯಿತು. ಏನೂ ಆಗಲಿಲ್ಲ, ಯಾರೋ ಎತ್ತಿಕೊಂಡು ಬಂದರು. ಮಾರನೆಯ ದಿನದಿಂದ ನಾನು ಕೆಲಸಕ್ಕೆ ಹೋಗಲಿಲ್ಲ, ಅವರೂ ಕರೆಯಲಿಲ್ಲ.

ಆ ಹೊತ್ತಿಗೆ ಅಜ್ಜ ಕಳೆದುಹೋಗಲು ಶುರುಮಾಡಿದ್ದರು. ಮೊದಲು ಕನ್ನಡಕ, ಆಮೇಲೆ ಹೆಸರುಗಳು. ಸಂಧ್ಯಾವಂದನೆ ಮುಗಿಸಿ ಎದ್ದವರು ಮತ್ತೆ ಕೂತು ಮೊದಲಿನಿಂದ ಮಾಡುವರು. ಒಂದು ದಿನ ಹಾಲು ತರಲು ಹೋದವರನ್ನು ಭದ್ರಾವತಿ ಬಸ್ಸಿನಿಂದ ಕಂಡಕ್ಟರ್ ಇಳಿಸಿದ. ಕ್ವಾರ್ಟರ್ಸಿಗೆ ಹೊರಟಿದ್ದರಂತೆ. "ವಯಸ್ಸಾಯ್ತು, ಹಠ ಜಾಸ್ತಿಯಾಗಿದೆ" ಎಂದು ಅಪ್ಪ ರೇಗತೊಡಗಿದರು. ಅಜ್ಜನ ಮೇಲೆ ಅಪ್ಪ ಕೂಗುವುದು ಕೇಳಿದಾಗ ನನ್ನ ಮೀನಖಂಡ ಉರಿಯುತ್ತಿತ್ತು. ನರದ ಡಾಕ್ಟರಿಗೆ ತೋರಿಸಲೇಬೇಕೆಂದು ಹಠ ಹಿಡಿದವಳು ನಾನೇ. ಅಪ್ಪ ಬರಲಿಲ್ಲ, ಅಮ್ಮನೂ ನಾನೂ ಕರೆದುಕೊಂಡು ಹೋದೆವು.

ಡಾಕ್ಟರು ಇವತ್ತು ಯಾವ ವಾರ, ಇದು ಯಾವ ಊರು ಎಂದೆಲ್ಲ ಕೇಳಿದರು. ಅಜ್ಜ ಕೆಲವಕ್ಕೆ ಸರಿ ಹೇಳಿದರು, ಕೆಲವಕ್ಕೆ ನಕ್ಕರು. ಆಮೇಲೆ ಡಾಕ್ಟರು, "ಈಗ ನಾನು ಒಂದೊಂದೇ ಅಂಕಿ ಹೇಳ್ತೀನಿ ಯಜಮಾನ್ರೇ. ಆರು ಅಂದಾಗ ಮಾತ್ರ ಮೇಜು ತಟ್ಟಿ" ಎಂದರು.

ಅದು ನನ್ನ ಟೆಸ್ಟು. ಕರೆಂಟು ಹೋಗಿ ನನಗೆ ತಪ್ಪಿಹೋದ ಟೆಸ್ಟು.

ಡಾಕ್ಟರು ಹೇಳುತ್ತಾ ಹೋದರು. ಆರು ಎಂದಾಗ ಅಜ್ಜ ತಟ್ಟಿದರು. ಎರಡನೇ ಸಲವೂ ತಟ್ಟಿದರು. ನಾನು ಆಶ್ಚರ್ಯದಿಂದ ಕೆಳಗೆ ನೋಡಿದೆ. ಮೇಜಿನ ಅಡಿಯಲ್ಲಿ ಅಮ್ಮನ ಕೈ ಅಜ್ಜನ ಮೊಣಕಾಲ ಮೇಲಿತ್ತು. ಆರು ಬಂದಾಗಲೆಲ್ಲ ಅಮ್ಮ ಮೆಲ್ಲಗೆ ಒತ್ತುತ್ತಿದ್ದಳು. ನಾನು ಬಗ್ಗಿ ಆ ಕೈ ಹಿಡಿದು ಎಳೆದುಕೊಂಡೆ. ಅಮ್ಮ ಬಿಡಿಸಿಕೊಳ್ಳಲು ನೋಡಿದಳು. ನಾನು ಎರಡೂ ಕೈಯಲ್ಲಿ ಹಿಡಿದೆ. "ಬಿಡಮ್ಮ. ಅವರಾದ್ರೂ ಫೇಲಾಗ್ಲಿ" ಎಂದೆ. ಡಾಕ್ಟರು ತಲೆ ಎತ್ತಿ ನೋಡಿ, ಏನೂ ಕೇಳದೆ, ಮತ್ತೆ ಮೊದಲಿನಿಂದ ಶುರುಮಾಡಿದರು.

ಈ ಸಲ ಅಜ್ಜ ಮೇಜು ತಟ್ಟಲಿಲ್ಲ. ಡಾಕ್ಟರು ನಾಲ್ಕು ಎಂದರು. ಅಜ್ಜ ಬೆನ್ನು ನೆಟ್ಟಗೆ ಮಾಡಿ ಕೂತು, ಕೈ ಕಟ್ಟಿಕೊಂಡು, "ನಾಲ್ಕು, ನಾಲ್ಕು" ಎಂದರು. ಡಾಕ್ಟರು ಆರು ಎಂದರು. "ಆರು, ಆರು." ಒಂದು ಸಲ ಗುರು, ಎರಡು ಸಲ ಶಿಷ್ಯ. ಧಾಟಿ ಕೂಡ ಅದೇ. ಮುಖದಲ್ಲಿ ಎಷ್ಟು ವಿಧೇಯತೆಯಿತ್ತೆಂದರೆ ನನಗೆ ನೋಡಲಾಗಲಿಲ್ಲ.

ಡಾಕ್ಟರು ನಿಲ್ಲಿಸಿ ಅಜ್ಜನ ಕೈ ಮೇಲೆ ಕೈಯಿಟ್ಟರು. "ನೀವು ಬೇಕು ಅಂತ ಮಾಡ್ತಿರೋದಲ್ಲ ಯಜಮಾನ್ರೇ ಇದು. ನಿಮ್ಮ ತಪ್ಪೇನೂ ಇಲ್ಲ. ಇದು ಕಾಯಿಲೆ. ಮನೆಯವರು ಬೈಬಾರ್ದು" ಎಂದರು. ಅಜ್ಜ ಅದನ್ನೂ ಪಾಠವೆಂದುಕೊಂಡು, "ತಪ್ಪೇನೂ ಇಲ್ಲ, ತಪ್ಪೇನೂ ಇಲ್ಲ" ಎಂದು ಎರಡು ಸಲ ಹೇಳಿದರು. ನಾನು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ. ಹನ್ನೊಂದು ವರ್ಷದವಳಾಗಿದ್ದಾಗಿನಿಂದ ನಾನು ಕಾದಿದ್ದ ಮಾತು ಕೊನೆಗೂ ಬಂದಿತ್ತು. ಬಂದದ್ದು ಅದರ ಅರ್ಥವೇ ತಿಳಿಯದವರ ಪಾಲಿಗೆ.

ಮನೆಗೆ ಆಟೋದಲ್ಲಿ ಬಂದೆವು. ಅಜ್ಜ ನಡುವೆ, ನಾವಿಬ್ಬರು ಎರಡು ಕಡೆ. ಅಮ್ಮ ಅಜ್ಜನ ತಲೆಯ ಹಿಂದಿನಿಂದ, "ಅವತ್ತು ನಿಂಗೆ ಒಂದು ಟೆಸ್ಟ್ ಉಳಿದಿತ್ತಲ್ಲೇ, ಟೇಪಿಂದು. ಈಗ ಹೋದ್ರೆ ಮಾಡ್ತಾರಾ?" ಎಂದಳು.

"ಅದು ಮಕ್ಕಳಿಗೆ ಮಾತ್ರ ಅಮ್ಮ" ಎಂದೆ.

ಅದು ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಅವಳಿಗೆ ನೋಯಲಿ ಎಂದು, ಬೇಕು ಅಂತಲೇ ಹೇಳಿದೆ.